ಗಾಳ ಹಾಕುವವನ ಲೆಕ್ಕದ ಪುಸ್ತಕ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರುತ್ತದೆ. ಅದು ಮಳೆ ಲೆಕ್ಕದ ಪುಸ್ತಕ. ಬೆಳಿಗ್ಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಸೆಂಟುಗಳಲ್ಲಿ ಬರೆದಿಡುವುದು ಇಲ್ಲಿನ ಬೆಳೆಗಾರರ ಹಳೆಯ ಅಭ್ಯಾಸ. ಒಂದು ಇಂಚಿಗೆ ನೂರು ಸೆಂಟು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟ ಬೆಳ್ಳಗೆ ಹೂ ಬಿಡುತ್ತದೆ. ಸಾಲದಾದರೆ ಮೊಗ್ಗು ಕೆಡುತ್ತದೆ. ಇಡೀ ವರ್ಷದ ಫಸಲು ಆ ಒಂದಿಂಚಿಗೆ ನೇತುಬಿದ್ದಿರುವುದರಿಂದ ಅಂದಾಜಿನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಮಳೆ ಬಾರದ ದಿನವನ್ನು ಕೂಡ ಖಾಲಿ ಬಿಡದೆ ಸೊನ್ನೆ ಎಂದು ಬರೆಯುವುದು ಈ ಪುಸ್ತಕದ ನಿಯಮ.

ಇದೇ ಬೆಟ್ಟಗಳಲ್ಲಿ ಬಿಡುವು ಸಿಕ್ಕಾಗ ಗಾಳದ ಕೋಲು ಹಿಡಿದು ಹೊಳೆಯ ಕಡೆ ನಡೆಯುವವರ ಸಂಖ್ಯೆಯೂ ಕಡಿಮೆಯೇನಲ್ಲ. ಆದರೆ ಹೋದ ವರ್ಷದ ಜೂನ್ 10ರಂದು ಎಷ್ಟು ಮಳೆ ಬಿತ್ತು ಎಂದು ಕೇಳಿದರೆ ಪುಸ್ತಕ ತೆರೆದು ಹೇಳಬಲ್ಲ ಮನುಷ್ಯ, ಅದೇ ದಿನ ಹೊಳೆಯಲ್ಲಿ ಎಷ್ಟು ಮೀನು ಸಿಕ್ಕಿತು ಎಂದು ಕೇಳಿದರೆ ಎರಡು ಕೈಗಳನ್ನು ಅಗಲಿಸಿ ತೋರಿಸುತ್ತಾನೆ. ಪ್ರತಿ ಸಲ ಕಥೆ ಹೇಳುವಾಗಲೂ ಆ ಕೈಗಳ ನಡುವಿನ ಅಂತರ ಸ್ವಲ್ಪ ಹೆಚ್ಚುತ್ತದೆ. ಮಳೆಗೆ ಇರುವ ಲೆಕ್ಕ ಮೀನಿಗೆ ಏಕಿಲ್ಲ? ಇದ್ದರೆ ಏನು ಪ್ರಯೋಜನ? ಈ ಪ್ರಶ್ನೆಗಳಿಗೆ ಕರ್ನಾಟಕದ ನದಿಗಳ ಇತಿಹಾಸದಲ್ಲೇ ಉತ್ತರವಿದೆ.

ಮೂರು ಕಡೆಗೆ ಹರಿಯುವ ನೀರು

ಕುದುರೆಮುಖದ ಶ್ರೇಣಿಯಲ್ಲಿರುವ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ ಶೃಂಗೇರಿಯ ಕಡೆ, ಭದ್ರೆ ಕಳಸ, ಬಾಳೆಹೊನ್ನೂರಿನ ಕಡೆ ಹರಿದು ಕೊನೆಗೆ ಕೃಷ್ಣೆಯನ್ನು ಸೇರುತ್ತವೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟೆಯನ್ನು ದಾಟಿ ಕಾವೇರಿಗೆ ಹೋಗುತ್ತದೆ. ಹೀಗೆ ಒಂದೇ ಬೆಟ್ಟಸಾಲಿನ ಮಳೆ ಮೂರು ಬೇರೆ ಬೇರೆ ಜಲಾನಯನಗಳಿಗೆ ಹಂಚಿಹೋಗುತ್ತದೆ. ಜೊತೆಗೆ ಮೀನುಗಳ ಲೋಕವೂ ಹಂಚಿಹೋಗುತ್ತದೆ.

ಈ ಲೋಕದ ಬಗ್ಗೆ ಮಲೆನಾಡಿನವರಿಗೆ ತಿಳಿವಳಿಕೆ ಇರಲಿಲ್ಲವೆಂದಲ್ಲ. ಬರಹದಲ್ಲಿ ಇಲ್ಲದ್ದು ಮಾತಿನಲ್ಲಿತ್ತು. ಮೃಗಶಿರಾ ಮಳೆ ಹಿಡಿದು ಹಳ್ಳಗಳಿಗೆ ಕೆಂಪು ನೀರು ಬಂದರೆ ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ, ತೋಡುಗಳನ್ನು ಹಿಡಿದು ಗದ್ದೆಗೆ ಹತ್ತುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹತ್ತುಮೀನು ಎಂಬ ಮಾತೇ ಹಾಗೆ ಹುಟ್ಟಿದ್ದು. ಯಾವ ಮಡುವಿನಲ್ಲಿ ಅವಲು ಇರುತ್ತದೆ, ಮುರುಗೋಡಿಗೆ ಯಾವ ಹೊತ್ತು ಒಳ್ಳೆಯದು ಎಂಬುದನ್ನು ಅಜ್ಜ ಮೊಮ್ಮಗನಿಗೆ ಹೇಳಿಕೊಟ್ಟಿದ್ದಾನೆ. ಮಳೆ ನಕ್ಷತ್ರಗಳೇ ಅವರ ಪಂಚಾಂಗ.

ಈ ಪಂಚಾಂಗಕ್ಕೆ ಒಂದು ಮಿತಿ ಇದೆ. ಮೃಗಶಿರೆ ಪ್ರತಿ ವರ್ಷ ಜೂನ್ ಮೊದಲ ವಾರದ ಆಸುಪಾಸಿನಲ್ಲೇ ಹುಟ್ಟುತ್ತದೆ, ಮಳೆ ಮಾತ್ರ ಹಾಗೆ ಬರುವುದಿಲ್ಲ. ಒಂದು ವರ್ಷ ಮುಂಗಾರು ಮೇ ಕೊನೆಗೇ ಬಂದರೆ, ಇನ್ನೊಂದು ವರ್ಷ ಆರಿದ್ರಾ ಕಳೆದರೂ ಹಳ್ಳ ತುಂಬುವುದಿಲ್ಲ. ಮೀನಿಗೆ ನಕ್ಷತ್ರ ಗೊತ್ತಿಲ್ಲ, ಏರುವ ನೀರು ಗೊತ್ತು. ಆದ್ದರಿಂದ ಎಷ್ಟು ಇಂಚು ಮಳೆಯಾದ ಮೇಲೆ, ನೀರು ಎಷ್ಟು ಏರಿದಾಗ ಮೀನು ಹತ್ತಿತು ಎಂದು ಬರೆದಿಟ್ಟವನಿಗೆ, ತಾರೀಕನ್ನು ನಂಬಿ ಹೊಳೆಗೆ ಹೋಗುವವನಿಗಿಂತ ಹೆಚ್ಚು ಗೊತ್ತಿರುತ್ತದೆ. ಮಳೆ ಪುಸ್ತಕವಿರುವ ಮನೆಗೆ ಇದಕ್ಕೆ ಅರ್ಧ ಸಿದ್ಧತೆ ಆಗಿಯೇ ಇದೆ.

ಅರಸನ ಗ್ರಂಥ, ಕಲೆಕ್ಟರನ ಪುಸ್ತಕ

ಗಾಳದ ವಿದ್ಯೆಯನ್ನು ಬರಹಕ್ಕೆ ಇಳಿಸಿದ ಬಹಳ ಹಳೆಯ ಗ್ರಂಥಗಳಲ್ಲಿ ಒಂದು ನಮ್ಮ ನೆಲದಲ್ಲೇ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ಯಲ್ಲಿ ರಾಜನ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಜಾಗವಿದೆ. ಮೀನಿನ ಬಗೆಗಳು, ಅವು ಸಮುದ್ರದವೋ ನದಿಯವೋ, ಯಾವುದಕ್ಕೆ ಯಾವ ತಿನಿಸು ಇಷ್ಟ, ಆಹಾರ ಹಾಕಿ ಅವನ್ನು ಒಂದು ಜಾಗಕ್ಕೆ ರೂಢಿ ಮಾಡಿಸುವುದು ಹೇಗೆ, ಕೋಲು, ದಾರ, ಕೊಕ್ಕೆ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಮೀನುಗಳ ಅಧ್ಯಯನದಲ್ಲಿ ಹೆಸರಾದ ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಇಂಗ್ಲೆಂಡಿನ ಗಾಳಗಾರರು ಗುರುಗ್ರಂಥವೆಂದು ಭಾವಿಸುವ ಐಸಾಕ್ ವಾಲ್ಟನ್‌ನ ಪುಸ್ತಕ ಹೊರಬಂದದ್ದು 1653ರಲ್ಲಿ, ಅಂದರೆ ಐದು ಶತಮಾನಗಳ ನಂತರ.

ಮಾನಸೋಲ್ಲಾಸದ ಈ ವಿವರಗಳು ಒಂದು ದಿನದಲ್ಲಿ ಕಂಡವಾಗಿರಲು ಸಾಧ್ಯವಿಲ್ಲ. ಹಲವು ಬೆಸ್ತರು ಹಲವು ಕಾಲ ನೋಡಿ, ಸೋತು, ಮತ್ತೆ ನೋಡಿ ಕಂಡುಕೊಂಡದ್ದರ ಸಾರ ಅದು. ಆದರೆ ಗ್ರಂಥದಲ್ಲಿ ಉಳಿದಿರುವುದು ಸಾರ ಮಾತ್ರ. ಯಾವ ಹೊಳೆಯಲ್ಲಿ, ಯಾವ ದಿನ, ಎಷ್ಟು ಹೊತ್ತು ಕಾದಾಗ ಎಷ್ಟು ಸಿಕ್ಕಿತು ಎಂಬ ಲೆಕ್ಕ ಉಳಿದಿಲ್ಲ. ಅಂದಿನ ನದಿಯನ್ನು ಇಂದಿನ ನದಿಯ ಜೊತೆ ಹೋಲಿಸಲು ನಮಗೆ ಬೇಕಾದದ್ದು ಆ ಲೆಕ್ಕವೇ.

ಬ್ರಿಟಿಷರ ಕಾಲಕ್ಕೆ ಬಂದರೆ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಸಿಗುತ್ತಾರೆ. ಘಟ್ಟದಿಂದ ಇಳಿಯುವ ಹೊಳೆಗಳ ಮೀನುಗಳನ್ನು ಕುರಿತು 1870ರಲ್ಲಿ ವರದಿ ಬರೆದ ಈ ಅಧಿಕಾರಿ, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಹೊರತಂದರು. ಸಾಲ್ಮನ್ ಹಿಡಿಯುವುದೇ ಪರಮಸುಖವೆಂದು ನಂಬಿದ್ದ ಆಂಗ್ಲರಿಗೆ, ಗಾಳಕ್ಕೆ ಬಿದ್ದ ಮಹಶೀರ್ ಅದಕ್ಕಿಂತ ಬಲವಾಗಿ ಎಳೆಯುತ್ತದೆ ಎಂದು ಹೇಳಿದವರು ಅವರು. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚುವುದು ಮೀನಿನ ಸಂತತಿಯನ್ನೇ ಹಾಳು ಮಾಡುತ್ತದೆ ಎಂದೂ ಎಚ್ಚರಿಸಿದರು. ಮದ್ದು ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು.

ಆ ನಂತರದ ಗಾಳಗಾರರು ಬರೆದಿಟ್ಟದ್ದು ಹೆಚ್ಚಾಗಿ ದೊಡ್ಡ ಮೀನಿನ ತೂಕವನ್ನು. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕೆಲಸಕ್ಕೆ ಪ್ರಪಂಚದಲ್ಲೇ ಹೆಸರಾಗಿದ್ದ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಈಗಿನ ಲೆಕ್ಕದಲ್ಲಿ ಸುಮಾರು 54 ಕಿಲೋ. ಈ ದಾಖಲೆಯನ್ನು ಇಂದಿಗೂ ಗಾಳಗಾರರು ಭಕ್ತಿಯಿಂದ ನೆನೆಯುತ್ತಾರೆ. ಆದರೆ ಆ ಒಂದು ಮೀನಿನ ತೂಕದಿಂದ ಅಂದಿನ ಕಬಿನಿಯಲ್ಲಿ ಎಷ್ಟು ಮಹಶೀರ್ ಇದ್ದವು, ಮರಿಗಳು ಎಷ್ಟಿದ್ದವು ಎಂಬುದು ಗೊತ್ತಾಗುವುದಿಲ್ಲ. ದಾಖಲೆ ಬೇರೆ, ಲೆಕ್ಕ ಬೇರೆ. ತೋಟದಲ್ಲಿ ಅತಿ ಹೆಚ್ಚು ಮಳೆ ಬಿದ್ದ ಒಂದು ದಿನವನ್ನು ಮಾತ್ರ ಬರೆದಿಟ್ಟುಕೊಂಡು ಕಾಫಿ ಬೆಳೆಯಲು ಹೊರಟರೆ ಹೇಗೋ ಇದೂ ಹಾಗೆ.

ಗಾಲಿಬೋರೆಯ ಪುಸ್ತಕಗಳು ಹೇಳಿದ ಸುದ್ದಿ

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದು ತಿಳಿದದ್ದು ಕಾವೇರಿಯಲ್ಲಿ. ಹೇಮಾವತಿಯ ನೀರು ಕಾವೇರಿಯೊಡನೆ ಹರಿದು ಹೋಗುವ ದಾರಿಯಲ್ಲಿ, ಸಂಗಮದ ಬಳಿಯ ಕಾಡಿನಲ್ಲಿ ಗಾಲಿಬೋರೆ ಇದೆ. ಅಲ್ಲಿನ ಶಿಬಿರಕ್ಕೆ ದೇಶವಿದೇಶಗಳಿಂದ ಜನ ಬಂದು, ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಮಹಶೀರ್ ಹಿಡಿಯುತ್ತಿದ್ದರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ಅಲ್ಲಿಯ ನಿಯಮ. ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ಶಿಬಿರದ ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದವರಲ್ಲಿ ಯಾರೂ ಸಂಶೋಧನೆಗೆಂದು ಬರೆದವರಲ್ಲ.

ವನ್ಯಜೀವಿ ಕಾಯಿದೆಯ ಪ್ರಕಾರ ರಕ್ಷಿತ ಅರಣ್ಯ ಪ್ರದೇಶಗಳಲ್ಲಿ ಗಾಳ ಹಾಕುವುದು ಕೂಡದು ಎಂದಾಗಿ 2012ರಲ್ಲಿ ಅಲ್ಲಿನ ಗಾಳಗಾರಿಕೆ ನಿಂತಿತು. ಆ ಹೊತ್ತಿಗೆ 1998ರಿಂದ ಬರೆದ ಪುಸ್ತಕಗಳು ಉಳಿದಿದ್ದವು. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಅವನ್ನು ಕೂತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆ, ಸಿಕ್ಕ ಮಹಶೀರ್ 6,161.

ಮೊದಲ ನೋಟಕ್ಕೆ ಸುದ್ದಿ ಚೆನ್ನಾಗಿಯೇ ಇತ್ತು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಹೆಚ್ಚಿತ್ತು, ಸರಾಸರಿ ತೂಕ ಕಡಿಮೆಯಾಗಿತ್ತು. ಅಂದರೆ ಹೊಸ ಮರಿಗಳು ಹುಟ್ಟಿ ಸಂತತಿ ಬೆಳೆಯುತ್ತಿದೆ ಎಂದರ್ಥ. ಆದರೆ ಮಹಶೀರ್ ಎಂದು ಒಟ್ಟಾಗಿ ಕರೆಯುತ್ತಿದ್ದ ಮೀನುಗಳನ್ನು ಬಗೆಯ ಪ್ರಕಾರ ಬೇರ್ಪಡಿಸಿ ನೋಡಿದಾಗ ಚಿತ್ರ ಬದಲಾಯಿತು. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲದ್ದಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಕೃತಕವಾಗಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ ಹಲವು ನದಿಗಳಿಗೆ ಬಿಟ್ಟ ಮೀನು ಅದು. ಕಾವೇರಿಯದೇ ಆದ, ಥಾಮಸರ ಕಾಲದಿಂದ ಹೆಸರುವಾಸಿಯಾದ ಗೂನುಬೆನ್ನಿನ ಮಹಶೀರ್ ಪುಸ್ತಕದ ಪುಟಗಳಿಂದ ಮೆಲ್ಲಮೆಲ್ಲನೆ ಮಾಯವಾಗುತ್ತಿತ್ತು. ಸಿಕ್ಕ ಕೆಲವು ಕೂಡ ಬಲಿತ ದೊಡ್ಡ ಮೀನುಗಳೇ. ಎಳೆಯವು ಇರಲಿಲ್ಲ. ಮುದುಕರು ಮಾತ್ರ ಉಳಿದು ಮಕ್ಕಳಿಲ್ಲದ ಊರಿನ ಸ್ಥಿತಿ ಅದು.

ಆ ಹೊತ್ತಿಗೆ ಈ ಗೂನುಬೆನ್ನಿನ ಮೀನಿಗೆ ಒಪ್ಪಿತವಾದ ವೈಜ್ಞಾನಿಕ ಹೆಸರು ಕೂಡ ಇರಲಿಲ್ಲ. ಪ್ರಪಂಚದ ಗಾಳಗಾರರೆಲ್ಲ ಬಲ್ಲ ಮೀನು ವಿಜ್ಞಾನದ ಪಟ್ಟಿಯಲ್ಲಿ ಅನಾಮಿಕ. ಕೇರಳದ ಪಾಂಬಾರ್ ಹೊಳೆಯಲ್ಲಿ ಕಂಡು 2007ರಲ್ಲಿ ವಿವರಿಸಿದ್ದ ‘ಟೋರ್ ರೆಮಾದೇವಿಯೈ’ ಎಂಬ ಮೀನು ಇದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಗಾಳಗಾರರ ಪುಸ್ತಕಗಳು ಇಲ್ಲದಿದ್ದರೆ ಈ ಕಥೆಯ ಬಹುಭಾಗ ಯಾರಿಗೂ ತಿಳಿಯುತ್ತಿರಲಿಲ್ಲ. ದಡದಲ್ಲಿ ನಿಂತವನಿಗೆ ಕಾಣುತ್ತಿದ್ದುದು ಮೊದಲಿಗಿಂತ ಹೆಚ್ಚು ಮಹಶೀರ್ ಸಿಗುತ್ತಿರುವ ಸಂತೋಷದ ನದಿ.

ಏನು ಬರೆಯಬೇಕು?

ಇಷ್ಟು ದೊಡ್ಡ ಕೆಲಸ ಮಾಡಿದ ಪುಸ್ತಕದ ಗುಟ್ಟು ಸರಳ. ಹೊಳೆಗೆ ಹೋದ ಪ್ರತಿ ದಿನವನ್ನೂ ಬರೆಯಬೇಕು, ಮೀನು ಸಿಗದ ದಿನವನ್ನು ಮುಖ್ಯವಾಗಿ. ಒಬ್ಬಾತ ಹತ್ತು ಗಂಟೆ ಕೂತು ಐದು ಮೀನು ಹಿಡಿದ, ಇನ್ನೊಬ್ಬ ಎರಡು ಗಂಟೆಯಲ್ಲಿ ಮೂರು ಹಿಡಿದ ಎಂದಿಟ್ಟುಕೊಳ್ಳಿ. ಮೀನಿನ ಎಣಿಕೆಯಲ್ಲಿ ಮೊದಲನೆಯವನು ಗೆದ್ದ. ಗಂಟೆಯ ಲೆಕ್ಕದಲ್ಲಿ ಎರಡನೆಯವನು ಮೂರು ಪಟ್ಟು ಮುಂದಿದ್ದಾನೆ. ಕೂತ ಹೊತ್ತನ್ನು ಬರೆಯದಿದ್ದರೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಉಳಿದದ್ದಕ್ಕೆ ಒಂದು ಸಾಲು ಸಾಕು. ತಾರೀಕು, ಜಾಗ, ಶುರುಮಾಡಿದ ಮತ್ತು ಮುಗಿಸಿದ ಹೊತ್ತು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ತಿಳಿಯೋ ಕೆಂಪೋ. ಹಿಂದಿನ ಮೂರು ದಿನದ ಮಳೆ, ಇದನ್ನು ತೋಟದ ಪುಸ್ತಕದಿಂದಲೇ ಎತ್ತಿಕೊಳ್ಳಬಹುದು. ಎರೆಹುಳುವೋ, ಹಿಟ್ಟೋ, ಮಿನುಗುವ ಸ್ಪೂನೋ. ಯಾವ ಮೀನು, ಎಷ್ಟು ಉದ್ದ, ಹೊಟ್ಟೆಯಲ್ಲಿ ಮೊಟ್ಟೆ ಇದ್ದಂತೆ ಕಂಡಿತೇ, ಬಿಟ್ಟದ್ದೆಷ್ಟು, ಮನೆಗೆ ತಂದದ್ದೆಷ್ಟು. ನೀರಿನ ಮಟ್ಟಕ್ಕೆ ಅಳತೆಗೋಲು ಬೇಕಿಲ್ಲ. ದಿನವೂ ಕಾಣುವ ಒಂದು ಬಂಡೆಯನ್ನು ಗುರುತು ಮಾಡಿಕೊಂಡು, ಬಂಡೆ ಮುಳುಗಿದೆ, ಅರ್ಧ ಕಾಣುತ್ತಿದೆ ಎಂದು ಬರೆದರೆ ಸಾಕು. ಆದರೆ ಪ್ರತಿ ಸಲವೂ ಅದೇ ಬಂಡೆಯಾಗಿರಬೇಕು. ಮೀನಿನ ಹೆಸರು ಗೊತ್ತಿಲ್ಲದಿದ್ದರೆ ಊರಿನಲ್ಲಿ ಕರೆಯುವ ಹೆಸರನ್ನೇ ಬರೆದು ಒಂದು ಫೋಟೋ ತೆಗೆದಿಡಬೇಕು. ಗಾಲಿಬೋರೆಯ ಪಾಠವೇ ಅದು: ಎಲ್ಲವನ್ನೂ ಮಹಶೀರ್ ಎಂದು ಒಟ್ಟು ಹಾಕಿದರೆ ಒಂದು ಬಗೆ ಅಳಿದದ್ದು ಇನ್ನೊಂದು ಬಗೆಯ ಹೆಚ್ಚಳದಲ್ಲಿ ಮುಚ್ಚಿಹೋಗುತ್ತದೆ.

ಎರಡು ಮೂರು ಮಳೆಗಾಲ ಹೀಗೆ ಬರೆದವನು ಪುಟ ತಿರುವಿದಾಗ, ತನ್ನ ನಂಬಿಕೆಗಳಲ್ಲಿ ಕೆಲವು ನಿಲ್ಲುತ್ತವೆ, ಕೆಲವು ಬೀಳುತ್ತವೆ. ಅಮಾವಾಸ್ಯೆ ಒಳ್ಳೆಯದು ಎಂದು ನಂಬಿದ್ದವನಿಗೆ, ತಾನು ಅಮಾವಾಸ್ಯೆಗೆ ಹೆಚ್ಚು ಸಲ ಹೋದದ್ದರಿಂದಲೇ ಹೆಚ್ಚು ಮೀನು ಸಿಕ್ಕಿತ್ತು ಎಂದು ಗೊತ್ತಾಗಬಹುದು. ನೀರು ಏರುವಾಗ ಹೋಗುತ್ತಿದ್ದವನಿಗೆ, ಇಳಿದು ತಿಳಿಯಾಗುವ ಮೊದಲ ದಿನವೇ ಮೇಲು ಎಂದು ಕಾಣಬಹುದು. ಯಾವ ಮಡುವಿನಲ್ಲಿ ಸುಮ್ಮನೆ ಹೊತ್ತು ಕಳೆದೆ ಎಂಬುದು ಸೊನ್ನೆಗಳ ಸಾಲಿನಿಂದ ತಿಳಿಯುತ್ತದೆ. ಗಾಳಗಾರ ಚತುರನಾಗುವುದು ಹೀಗೆ, ತನ್ನದೇ ಹೊಳೆಯಿಂದ ಕಲಿತು.

ಪುಸ್ತಕದ ಮೊದಲ ಪುಟದಲ್ಲಿ ಎಲ್ಲಿ ಗಾಳ ಹಾಕಬಾರದು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಶೃಂಗೇರಿಯ ಮಠದ ಮುಂದೆ ತುಂಗೆಯಲ್ಲಿ ಆಡುವ ಮೀನುಗಳನ್ನು ಶ್ರದ್ಧೆಯೇ ಕಾಯ್ದುಕೊಂಡು ಬಂದಿದೆ. ಹತ್ತುಮೀನಿನ ಕಾಲದಲ್ಲಿ ಮೊಟ್ಟೆ ಹೊತ್ತ ಮೀನನ್ನು ಹಿಡಿಯುವುದು ಮುಂದಿನ ವರ್ಷದ ಮೀನನ್ನು ಈಗಲೇ ತಿಂದಂತೆ. ಆ ದಿನಗಳಲ್ಲಿ ಗಾಳವನ್ನು ಮನೆಯಲ್ಲಿಟ್ಟು ಗದ್ದೆಯ ಬದುವಿನಲ್ಲಿ ನಿಂತು ಯಾವ ಮೀನು ಯಾವಾಗ ಹತ್ತಿತು ಎಂದು ನೋಡಿ ಬರೆದರೂ ಪುಸ್ತಕಕ್ಕೆ ಲಾಭವೇ.

ಭದ್ರೆಗೆ ಯಾರು ಸಾಕ್ಷಿ?

ಮೂಡಿಗೆರೆಯ ತೋಟದಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿ (1938-2007) ಗಾಳದ ಹುಚ್ಚನ್ನೂ ಮಲೆನಾಡಿನ ಶಿಕಾರಿಗಳ ಲೋಕವನ್ನೂ ಕನ್ನಡ ಗದ್ಯಕ್ಕೆ ತಂದರು. ಅವರಿಂದಾಗಿ ಇಲ್ಲಿನ ಹೊಳೆಗಳ ಮೀನು ಕನ್ನಡ ಓದುಗರಿಗೆಲ್ಲ ಪರಿಚಯವಾಯಿತು. ಆದರೆ ಸಾಹಿತ್ಯದಲ್ಲಿ ಉಳಿದ ಹೊಳೆಗೂ ಅಂಕಿಗಳಲ್ಲಿ ಉಳಿಯಬೇಕಾದ ಹೊಳೆಗೂ ವ್ಯತ್ಯಾಸವಿದೆ. ಭದ್ರೆಯ ವಿಷಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆ 1960ರ ದಶಕದಲ್ಲಿ ಪೂರ್ಣಗೊಂಡಿತು. ಕೆಳಗಿನಿಂದ ಮೇಲಕ್ಕೆ ಈಜುವ ಮೀನಿಗೆ ಅದು ಗೋಡೆ. ನದಿಯ ತಲೆಯ ಭಾಗದಲ್ಲಿ, ಕುದುರೆಮುಖದಲ್ಲಿ, ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ವರ್ಷಗಳಲ್ಲಿ ಮಳೆಗಾಲದ ಭದ್ರೆಗೆ ಹೂಳು ಸೇರುತ್ತಿದೆ ಎಂಬ ದೂರು ದೊಡ್ಡ ವಿವಾದವೇ ಆಗಿತ್ತು. ಹೂಳು ಕಲ್ಲುಗಳ ಸಂದಿಯಲ್ಲಿ ಕೂತರೆ ಅಲ್ಲಿ ಇಟ್ಟ ಮೊಟ್ಟೆಗೆ ಉಸಿರಾಡುವ ನೀರು ಸಿಗುವುದಿಲ್ಲ. ಹಾಗಾದರೆ ಕಳಸದ ಬಳಿಯ ಮಡುಗಳಲ್ಲಿ ಗಣಿಗೆ ಮೊದಲು ಎಷ್ಟು ಮೀನಿತ್ತು, ಗಣಿ ನಡೆಯುವಾಗ ಎಷ್ಟಾಯಿತು, ನಿಂತ ಮೇಲೆ ಚೇತರಿಸಿತೇ? ಹಳಬರನ್ನು ಕೇಳಿದರೆ ಆಗ ಬೇಕಾದಷ್ಟು ಇತ್ತು ಎನ್ನುತ್ತಾರೆ. ಆ ಮಾತು ನಿಜವೇ ಇರಬಹುದು, ಆದರೆ ಬೇಕಾದಷ್ಟು ಎಂಬುದನ್ನು ಅಳೆಯಲು ಬರುವುದಿಲ್ಲ. ದಡದ ಒಂದು ತೋಟದಲ್ಲಿ ಮಳೆ ಪುಸ್ತಕದ ಪಕ್ಕ ಗಾಳದ ಪುಸ್ತಕವೂ ಮೂವತ್ತು ವರ್ಷ ನಡೆದಿದ್ದರೆ, ಆ ಮಾತಿಗೆ ಅಂಕಿಗಳ ಬಲ ಇರುತ್ತಿತ್ತು.

ಡೇನಿಯಲ್ ಪಾಲಿ ಎಂಬ ಮೀನುಗಾರಿಕೆ ವಿಜ್ಞಾನಿ 1995ರಲ್ಲಿ ಒಂದು ಮಾತು ಹೇಳಿದರು. ಪ್ರತಿ ತಲೆಮಾರೂ ತಾನು ಕೆಲಸಕ್ಕೆ ಇಳಿದಾಗ ಕಂಡ ಮೀನಿನ ಪ್ರಮಾಣವನ್ನೇ ಸಹಜವೆಂದು ತಿಳಿಯುತ್ತದೆ. ಮುಂದಿನ ತಲೆಮಾರಿಗೆ ಇನ್ನಷ್ಟು ಕಡಿಮೆಯಾದದ್ದೇ ಸಹಜವಾಗಿ ಕಾಣುತ್ತದೆ. ಹೀಗೆ ನಷ್ಟ ನಡೆಯುತ್ತಲೇ ಇರುತ್ತದೆ, ನಷ್ಟವಾಗುತ್ತಿದೆ ಎಂದು ಯಾರಿಗೂ ಅನಿಸುವುದಿಲ್ಲ. ಅಜ್ಜನ ಒಂದು ಮಾರು ಉದ್ದದ ಮೀನನ್ನು ಮೊಮ್ಮಗ ಬರೀ ಬಡಾಯಿ ಎಂದು ನಗುತ್ತಾನೆ. ಬಡಾಯಿಯೋ ನಿಜವೋ ಎಂದು ಹೇಳಬಲ್ಲ ಪುಸ್ತಕ ಮನೆಯಲ್ಲಿಲ್ಲ.

ಮಳೆಯ ವಿಷಯದಲ್ಲಿ ಈ ಬೆಟ್ಟಗಳ ಜನಕ್ಕೆ ಇಂಥ ಕಷ್ಟವಿಲ್ಲ. ಮಳೆ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ಕಪಾಟಿನಿಂದ ಪುಸ್ತಕ ತೆಗೆದು, ಇಂಥ ವರ್ಷ ಇಂಥ ತಿಂಗಳು ಇಷ್ಟಿತ್ತು ಎಂದು ಮುಂದಿಡುತ್ತಾರೆ. ಅದೇ ಪುಸ್ತಕದಲ್ಲಿ ಮಳೆಯ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು ಹೊಳೆಗೆ ಹೋದ ದಿನದ ಸಾಲು ಬರೆಯುವುದು ಕಷ್ಟದ ಕೆಲಸವಲ್ಲ. ಬರುವ ಮುಂಗಾರಿಗೆ ಶುರುಮಾಡಿದವನಿಗೆ ಮೊದಲ ವರ್ಷ ಸೊನ್ನೆಗಳೇ ಹೆಚ್ಚು ಸಿಗಬಹುದು. ಅವನ್ನೂ ತಪ್ಪದೆ ಬರೆಯಬೇಕು.